ಮನೆಯ ಬೆಕ್ಕಿಗೆ ಸಂತಾನಹರಣ ಆಪರೇಷನ್ ಮಾಡಿಸಿದರೆ ದೋಷವೇ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್‌ನಲ್ಲಿ ವಾಸವಾಗಿದ್ದೇವೆ. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಒಂದು ಹೆಣ್ಣು ಬೆಕ್ಕಿನ ಮರಿ ತಾನಾಗಿಯೇ ಮನೆಗೆ ಬಂತು. ಪುಟ್ಟಿ ಅಂತ ಕರೆಯುತ್ತೇವೆ. ಇದುವರೆಗೆ ಎರಡು ಸಲ ಮರಿ ಹಾಕಿದೆ. ಮೊದಲ ಸಲದ ನಾಲ್ಕರಲ್ಲಿ ಎರಡನ್ನು ಪರಿಚಯದವರಿಗೆ ಕೊಟ್ಟೆವು. ಒಂದು ಹುಟ್ಟಿದ ವಾರಕ್ಕೇ ಸತ್ತಿತು, ಇನ್ನೊಂದು ಕೆಳಗೆ ಕಾರಿನ ಚಕ್ರಕ್ಕೆ ಸಿಕ್ಕಿತು. ಎರಡನೆಯ ಸಲ ಐದು ಮರಿ, ದೇವರ ಮನೆಯ ಕಪಾಟಿನ ಕೆಳಗೇ ಹಾಕಿತು. ಅವಕ್ಕೆ ಈಗ ಎರಡು ತಿಂಗಳು. ತಡಮಾಡದೆ ಆಪರೇಷನ್ ಮಾಡಿಸಿ ಎಂದು ಪಶುವೈದ್ಯರು ಹೇಳುತ್ತಾರೆ.

ನನಗೆ ಮದುವೆಯಾಗಿ ಆರು ವರ್ಷ, ಮಕ್ಕಳಾಗಿಲ್ಲ. ಚಿಕಿತ್ಸೆ ನಡೆಯುತ್ತಿದೆ. ಮುಂದಿನ ತಿಂಗಳು ಸಂತಾನ ಗೋಪಾಲ ಹೋಮ ಇಟ್ಟುಕೊಂಡಿದ್ದೇವೆ. ನಮ್ಮ ಅತ್ತೆಯವರು "ಒಂದು ತಾಯಿಯ ಗರ್ಭಚೀಲ ತೆಗೆಸಿ ನೀನು ದೇವರ ಹತ್ತಿರ ಮಗು ಕೇಳ್ತೀಯಾ? ಪಾಂಡು ಮಹಾರಾಜನಿಗೆ ಏನಾಯ್ತು ಗೊತ್ತಲ್ವಾ?" ಅಂದರು. ಅವರಿಗೆ ಪರಿಚಯದ ಜೋಯಿಸರೊಬ್ಬರು ಮಾರ್ಜಾಲ ಶಾಪ ತಟ್ಟುತ್ತದೆ, ಮಾಡಿಸಿದರೆ ಶಾಂತಿಗೆ 21 ಸಾವಿರ ಆಗುತ್ತದೆ ಎಂದಿದ್ದಾರಂತೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಇದು ಪಾಪವೇ? ನನ್ನ ಸಂತಾನಕ್ಕೆ ಅಡ್ಡಿಯಾಗುತ್ತದೆಯೇ? ಮಾಡಿಸುವುದಾದರೆ ಯಾವ ದಿನ ಒಳ್ಳೆಯದು? ಸೂತಕ, ಪ್ರಾಯಶ್ಚಿತ್ತ ಏನಾದರೂ ಇದೆಯೇ? ದಯವಿಟ್ಟು ತಿಳಿಸಿ.
(ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ), ಬೆಂಗಳೂರು

ಉತ್ತರ: ತಾಯೀ, ಮೊದಲು ನಿಮ್ಮ ನಿದ್ದೆಗೆ ಬೇಕಾದ ಉತ್ತರ ಹೇಳಿಬಿಡುತ್ತೇನೆ. ಪುಟ್ಟಿಗೆ ಆಪರೇಷನ್ ಮಾಡಿಸಿ. ಅದರಿಂದ ನಿಮ್ಮ ಮಡಿಲಿಗೆ ಯಾವ ಅಡ್ಡಿಯೂ ಇಲ್ಲ. ಹೋಮವನ್ನೂ ಮಾಡಿಸಿ, ವೈದ್ಯರ ಚಿಕಿತ್ಸೆಯನ್ನೂ ಬಿಡಬೇಡಿ. ಇನ್ನು ಇದಕ್ಕೆ ಆಧಾರವೇನು ಎಂದು ನೋಡೋಣ. ನಿಮ್ಮ ಅತ್ತೆಯವರಿಗೂ ಇದನ್ನು ಓದಿ ಹೇಳಿ. ಅವರು ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ. ಆರು ವರ್ಷದಿಂದ ಮೊಮ್ಮಗುವಿನ ದಾರಿ ಕಾಯುತ್ತಿರುವವರಿಗೆ ಎಲ್ಲಿ ಏನು ತಪ್ಪಾಗುತ್ತದೋ ಎಂಬ ಭಯ ಇದ್ದೇ ಇರುತ್ತದೆ.

ನನಗನ್ನಿಸುತ್ತದೆ, ಅರ್ಧ ಭಯ ಆ ಹೆಸರಿನಿಂದಲೇ ಬಂದದ್ದು. 'ಸಂತಾನಹರಣ' ಅಂದ ತಕ್ಷಣ ಸೀತಾಪಹರಣ ನೆನಪಾಗುತ್ತದೆ. ಯಾರದೋ ಮಗುವನ್ನು ಕದ್ದ ಹಾಗೆ ಕೇಳಿಸುತ್ತದೆ. ಇಲ್ಲಿ ಹುಟ್ಟಿದ ಮರಿಯನ್ನು ಯಾರೂ ಕಸಿದುಕೊಳ್ಳುವುದಿಲ್ಲ. ಅರಿವಳಿಕೆ ಕೊಟ್ಟು, ಅಂಡಾಶಯವನ್ನೂ ಸಾಮಾನ್ಯವಾಗಿ ಗರ್ಭಕೋಶವನ್ನೂ ತೆಗೆಯುತ್ತಾರೆ. ಅಲ್ಲಿಂದ ಮುಂದೆ ಅದಕ್ಕೆ ಬೆದೆ ಬರುವುದಿಲ್ಲ, ಅಷ್ಟೇ.

ಹಿಂಸೆ ಇಲ್ಲವೇ ಇಲ್ಲವೇ ಎಂದು ಕೇಳಿದರೆ, ಇದೆ. ಸುಳ್ಳು ಸಮಾಧಾನ ಹೇಳುವುದಿಲ್ಲ. ಒಂದು ಪ್ರಾಣಿಯನ್ನು ಅದರ ಇಚ್ಛೆ ಕೇಳದೆ ಕೊಯ್ಯುತ್ತೇವೆ. ಜೈನರ ಶ್ರಾವಕಾಚಾರದಲ್ಲಿ ಗೃಹಸ್ಥನು ಮಾಡಬಾರದ ಹದಿನೈದು ಕಸುಬುಗಳನ್ನು ಹೇಳುವಾಗ, ಪ್ರಾಣಿಗಳ ಬೀಜ ಒಡೆಯುವುದು, ಬರೆ ಹಾಕುವುದು ಮುಂತಾದ 'ನಿರ್ಲಾಂಛನ ಕರ್ಮ'ವನ್ನೂ ಸೇರಿಸಿದ್ದಾರೆ. ಆದ್ದರಿಂದ ಅತ್ತೆಯವರ ಅಳುಕಿಗೆ ಬೇರೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅಲ್ಲಿ ನಿಷೇಧಿಸಿದ್ದು ಲಾಭಕ್ಕಾಗಿ ಪ್ರಾಣಿಯನ್ನು ನೋಯಿಸಿ ಹೊಟ್ಟೆ ಹೊರೆಯುವ ಕಸುಬನ್ನು. ನಿಮ್ಮದು ಅದಲ್ಲ.

ನಮ್ಮ ಧರ್ಮಶಾಸ್ತ್ರ ಗೃಹಸ್ಥನಿಗೆ 'ನಿನ್ನ ಮನೆಯಲ್ಲಿ ಹಿಂಸೆಯೇ ಇರಕೂಡದು' ಎಂದು ಹೇಳಲಿಲ್ಲ. ಮನೆ ಅಂದ ಮೇಲೆ ಹಿಂಸೆಯ ಐದು ಜಾಗ ಇದ್ದೇ ಇರುತ್ತವೆ ಎಂದು ಮನು ಎಣಿಸಿ ಹೇಳಿದ್ದಾನೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಇವಕ್ಕೆ ಪಂಚಸೂನಾ ಎಂದು ಹೆಸರು. ಈಗ ಗ್ಯಾಸ್ ಒಲೆ, ಮಿಕ್ಸಿ ಬಂದಿರಬಹುದು, ಇರುವೆ ಸಾಯುವುದು ತಪ್ಪಿಲ್ಲ. ಇದಕ್ಕೆ ಪರಿಹಾರ ಏನು ಹೇಳಿದರು? ಒಲೆ ಹಚ್ಚಬೇಡ ಅನ್ನಲಿಲ್ಲ, ಗುಡಿಸಬೇಡ ಅನ್ನಲಿಲ್ಲ. ದಿನವೂ ಪಂಚಮಹಾಯಜ್ಞ ಮಾಡು ಎಂದರು. ಅದರಲ್ಲಿ ಒಂದು ಭೂತಯಜ್ಞ. ವೈಶ್ವದೇವವಾದ ಮೇಲೆ ನಾಯಿಗೆ, ಕಾಗೆಗೆ, ಹುಳುಹುಪ್ಪಟೆಗೆ ನೆಲದ ಮೇಲೆ ಅನ್ನ ಇಡುವ ಕ್ರಮ ಅಲ್ಲಿಂದ ಬಂದದ್ದು. ಗೃಹಸ್ಥನಿಂದ ತಪ್ಪದೆ ಆಗುವ ಹಿಂಸೆಗೆ ಪ್ರಾಣಿಗಳನ್ನು ಪೊರೆಯುವ ಕರ್ತವ್ಯವೇ ಉತ್ತರ. ಪುಟ್ಟಿಯ ವಿಷಯಕ್ಕೂ ಇದೇ ಅಳತೆ ಹಿಡಿಯಿರಿ. ಆಪರೇಷನ್ ಮಾಡಿಸಿದವರು ಅದು ಬದುಕಿರುವವರೆಗೂ ಅನ್ನ, ನೀರು, ಔಷಧ ನೋಡಿಕೊಳ್ಳಬೇಕು. ಅದೇ ನಿಮ್ಮ ಭೂತಯಜ್ಞ.

ಚಿಕಿತ್ಸೆಯ ಬಗ್ಗೆ ಯಾಜ್ಞವಲ್ಕ್ಯ ಸ್ಮೃತಿಯ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಒಂದು ಮಾತಿದೆ. ಉಪಕಾರ ಮಾಡಲು ಹೋಗಿ, ಔಷಧ ಕೊಡುವಾಗಲೋ ಸುಟ್ಟು ಚಿಕಿತ್ಸೆ ಮಾಡುವಾಗಲೋ ಗೋವು ಸತ್ತರೂ ಮಾಡಿದವನಿಗೆ ಪಾಪವಿಲ್ಲ ಎಂದು ಅದರ ತಾತ್ಪರ್ಯ. ಈ ಸ್ಮೃತಿಗೆ ವಿಜ್ಞಾನೇಶ್ವರರು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಮಿತಾಕ್ಷರಾ ವ್ಯಾಖ್ಯಾನ ಬರೆದರು. ಬೇರೆ ಸ್ಮೃತಿಗಳಲ್ಲಿ ಹಸುವಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ಗರ್ಭವನ್ನು ಬಿಡಿಸುವಾಗ ಯತ್ನ ಮೀರಿ ಸಾವಾದರೂ ಪ್ರಾಯಶ್ಚಿತ್ತ ಬೇಡ ಎಂದಿದೆ. ಗೋವಿನ ವಿಷಯದಲ್ಲೇ ಶಾಸ್ತ್ರಕಾರರು ಹೀಗೆ ಹೇಳಿರುವಾಗ, ಬೆಕ್ಕಿನ ಹಿತಕ್ಕೆ ಮಾಡುವ ಚಿಕಿತ್ಸೆಗೆ ದೋಷ ಎಲ್ಲಿಂದ ಬರಬೇಕು?

'ಹಿತ ಎಲ್ಲಿದೆ ಸ್ವಾಮೀ, ನಮ್ಮ ಅನುಕೂಲಕ್ಕೆ ಮಾಡಿಸೋದು ತಾನೇ?' ಎಂದು ಅತ್ತೆಯವರು ಕೇಳಬಹುದು. ಬೆಕ್ಕಿನ ಗರ್ಭ ಸುಮಾರು ಒಂಬತ್ತು ವಾರ. ಮರಿಗಳಿಗೆ ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗಬ್ಬವಾಗಬಲ್ಲದು. ಹೀಗೆ ವರ್ಷಕ್ಕೆ ಎರಡು ಮೂರು ಸೂಲು ಹೆತ್ತು ಹೆತ್ತು ಸೊರಗುತ್ತದೆ. ಆಪರೇಷನ್ ಆಗದ ಹೆಣ್ಣು ನಾಯಿ, ಬೆಕ್ಕುಗಳಿಗೆ ವಯಸ್ಸಾದ ಮೇಲೆ ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆ ಬರುವುದುಂಟು, ಜೀವಕ್ಕೇ ಅಪಾಯ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಯ ಭಯವೂ ಕಡಿಮೆ ಎಂದು ವೈದ್ಯರು ಹೇಳುತ್ತಾರೆ. ನಿಮ್ಮ ಅನುಕೂಲ ಇಲ್ಲವೆಂದಲ್ಲ. ಅದರ ಹಿತವೂ ಇದೆ. ಹುಟ್ಟಿ ಚಕ್ರಕ್ಕೆ ಸಿಕ್ಕುವ ಮರಿಗಳ ಹಿತವೂ ಇದೆ.

ಈಗ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಸುಮಾರು ಇಪ್ಪತ್ತು ವರ್ಷದ ಹಿಂದೆ ಒಬ್ಬ ಯಜಮಾನರು ಇದೇ ಪ್ರಶ್ನೆ ಕೇಳಿದ್ದರು. ನಾನು ಗ್ರಂಥ ತೆರೆಯಲಿಲ್ಲ, ಯೋಚನೆಯನ್ನೂ ಮಾಡಲಿಲ್ಲ. "ಬೇಡ ಬೇಡ, ಗರ್ಭಚ್ಛೇದ ದೋಷ ಬರುತ್ತೆ, ಮಾಡಿಸ್ಬೇಡಿ" ಅಂದುಬಿಟ್ಟೆ. ಅವರು ನನ್ನ ಮಾತನ್ನು ಶಿರಸಾ ವಹಿಸಿದರು. ಮುಂದಿನ ವರ್ಷ ಅದೇ ಮನೆಗೆ ಸತ್ಯನಾರಾಯಣ ಪೂಜೆಗೆ ಹೋದೆ. ಬೆಕ್ಕು ಹೊಸಿಲ ಹತ್ತಿರ ಕೂತಿತ್ತು. ಮರಿಗಳೆಲ್ಲಿ ಎಂದು ಸಹಜವಾಗಿ ಕೇಳಿದೆ. ಯಜಮಾನರು ತಲೆ ತಗ್ಗಿಸಿ "ನಾಲ್ಕನ್ನೂ ಚೀಲದಲ್ಲಿ ಹಾಕಿ ಮಾರ್ಕೆಟ್ ಹತ್ತಿರ ಬಿಟ್ಟು ಬಂದ್ವಿ ಸ್ವಾಮೀ, ಇನ್ನೇನು ಮಾಡೋದು? ನೀವೇ ಬೇಡ ಅಂದಿದ್ರಲ್ಲ" ಎಂದರು. ಮನೆಯಾಕೆ ಒಳಗಿನಿಂದ ಹೇಳಿದರು, ಆ ತಾಯಿ ಬೆಕ್ಕು ಎಂಟು ದಿನ ಮನೆಯೆಲ್ಲಾ ಹುಡುಕಿಕೊಂಡು ಕೂಗಿತಂತೆ. ಅವತ್ತು ಕಥೆ ಓದುವಾಗ ನನ್ನ ಗಂಟಲು ಕಟ್ಟಿತು. ಆ ನಾಲ್ಕು ಜೀವದ ಪಾಪದಲ್ಲಿ ನನಗೂ ಪಾಲಿದೆ. ಅವರು ಬಿಟ್ಟು ಬಂದರು, ನಾನು ಬಿಡುವ ಹಾಗೆ ಮಾಡಿದೆ. ಅಂದಿನಿಂದ ಈ ಪ್ರಶ್ನೆಗೆ ನಾನು ಅವಸರದಲ್ಲಿ ಉತ್ತರ ಕೊಡುವುದಿಲ್ಲ.

ಪಾಂಡುರಾಜನ ಕಥೆಗೆ ಬರೋಣ. ಅವನು ಬಾಣ ಬಿಟ್ಟದ್ದು ಕೂಡಿದ್ದ ಜಿಂಕೆಗಳ ಮೇಲೆ. ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯು, ಬೇಟೆಯಾಡಿದ್ದಕ್ಕಲ್ಲ, ಆ ಹೊತ್ತಿನಲ್ಲಿ ದಯೆಯಿಲ್ಲದೆ ಹೊಡೆದದ್ದಕ್ಕೆ ಶಪಿಸಿದ್ದು. ಅದು ಕೊಲೆ, ಇದು ಚಿಕಿತ್ಸೆ. ಇನ್ನು ಪ್ರಾಣಿಯ ತಾಯಿಯೊಬ್ಬಳು ಮನುಷ್ಯರಿಗೆ ಶಾಪ ಕೊಟ್ಟ ಕಥೆಯೇ ಬೇಕಾದರೆ ಮಹಾಭಾರತದ ಆದಿಪರ್ವದಲ್ಲಿದೆ. ಜನಮೇಜಯನ ಯಾಗಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸಿದರು. ಅದು ಹವಿಸ್ಸನ್ನು ನೋಡಿಯೂ ಇರಲಿಲ್ಲ, ನೆಕ್ಕಿಯೂ ಇರಲಿಲ್ಲ. ತಾಯಿ ಸರಮೆ ಬಂದು 'ನನ್ನ ಮಗ ಏನು ತಪ್ಪು ಮಾಡಿದ?' ಎಂದು ಕೇಳಿದಳು. ಯಾರೂ ಬಾಯಿ ಬಿಡಲಿಲ್ಲ. ಆಗ ಆಕೆ ಶಪಿಸಿದಳು. ಆ ಶಾಪಕ್ಕೆ ಹೆದರಿ ಚಕ್ರವರ್ತಿಯೇ ಪುರೋಹಿತರನ್ನು ಹುಡುಕಿಕೊಂಡು ಹೊರಟ. ಸರಮೆಯ ದುಃಖ ಹುಟ್ಟಿದ ಮರಿಗೆ ಆದ ಅನ್ಯಾಯಕ್ಕೆ. ಶಾಪಕ್ಕೆ ಹೆದರುವವರು ಮರಿಗಳನ್ನು ಬೀದಿಗೆ ಬಿಡುವುದಕ್ಕೆ ಹೆದರಬೇಕು.

ಮಾರ್ಜಾಲ ಶಾಪದ ವಿಚಾರ. ಜಾತಕದಲ್ಲಿ ಸಂತಾನವನ್ನು ಪಂಚಮ ಭಾವ, ಗುರು ಇವುಗಳಿಂದ ನೋಡುತ್ತೇವೆ. ಬೃಹತ್ ಪರಾಶರ ಹೋರಾದಲ್ಲಿ ಸಂತಾನಕ್ಕೆ ಅಡ್ಡಿಯಾಗುವ ಪೂರ್ವಜನ್ಮದ ಶಾಪಗಳನ್ನು ಹೇಳಿದೆ. ಸರ್ಪ, ಪಿತೃ, ಮಾತೃ, ಭ್ರಾತೃ, ಮಾತುಲ, ಬ್ರಹ್ಮ, ಪತ್ನೀ, ಪ್ರೇತ, ಹೀಗೆ ಎಂಟು. ಅದರಲ್ಲಿ ಬೆಕ್ಕಿಲ್ಲ. ನನ್ನ ಗುರುಗಳು ಪಾಠಶಾಲೆಯಲ್ಲಿ ಕಲಿಸಿದ ಶಾಂತಿಗಳಲ್ಲಿ ಬೆಕ್ಕಿನ ಆಪರೇಷನ್ನಿಗೆ ಶಾಂತಿ ಇರಲಿಲ್ಲ. ಆ ಜೋಯಿಸರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಮಕ್ಕಳಿಲ್ಲದ ಹೆಣ್ಣುಮಗಳ ಭಯಕ್ಕೆ ಬೆಲೆ ಕಟ್ಟುವುದು ನಮ್ಮ ವೃತ್ತಿಗೆ ಶೋಭೆಯಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಆ 21 ಸಾವಿರವನ್ನು ಕೊಡಬೇಡಿ.

ಒಂದೇ ಒಂದು ಎಚ್ಚರಿಕೆ. ಮರಿಗಳಿಗೆ ಎರಡು ತಿಂಗಳಾಗಿದೆ ಎಂದಿದ್ದೀರಿ. ಪುಟ್ಟಿ ಈಗಾಗಲೇ ಮತ್ತೆ ಗಬ್ಬವಾಗಿರಬಹುದು. ಮೊದಲು ವೈದ್ಯರ ಹತ್ತಿರ ಅದನ್ನು ಪರೀಕ್ಷೆ ಮಾಡಿಸಿ. ಗರ್ಭ ನಿಂತಿದ್ದರೆ ನನ್ನ ಉತ್ತರ ಬೇರೆ. ತಾಯಿಗೆ ಅಪಾಯವಿಲ್ಲ ಎಂದಾದರೆ ಹೆರಲು ಬಿಡಿ, ಮರಿಗಳು ಹಾಲು ಬಿಟ್ಟ ಮೇಲೆ ಮಾಡಿಸಿ. ಅಲ್ಲಿಯವರೆಗೆ ಬಾಗಿಲು ಕಿಟಕಿ ಭದ್ರವಾಗಿರಲಿ. ತಾಯಿಯ ಜೀವಕ್ಕೇ ಕುತ್ತು ಎಂದು ವೈದ್ಯರು ಹೇಳಿದರೆ ತಾಯಿಯೇ ಮೊದಲು. ಆಗ ಯೋಚಿಸಬೇಡಿ. ಈಗಿರುವ ಐದು ಮರಿಗಳನ್ನೂ ಮರೆಯಬೇಡಿ. ಅವು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಅವುಗಳಿಗೆ ತಾಯಿ, ಅಕ್ಕ, ತಮ್ಮ ಎಂಬ ಭೇದ ತಿಳಿಯದು.

ಮುಹೂರ್ತ ಕೇಳಿದ್ದೀರಿ. ಮುಹೂರ್ತ ಗ್ರಂಥಗಳು ಶಸ್ತ್ರಕರ್ಮಕ್ಕೆ ರಿಕ್ತಾ ತಿಥಿ, ಅಂದರೆ ಚೌತಿ, ನವಮಿ, ಚತುರ್ದಶಿ ಆಗಬಹುದು ಎನ್ನುತ್ತವೆ. ಅಶೋಕ ಚಕ್ರವರ್ತಿಯ ಐದನೆಯ ಸ್ತಂಭಶಾಸನದಲ್ಲಿ ಅಷ್ಟಮಿ, ಚತುರ್ದಶಿ ಮೊದಲಾದ ಪರ್ವದಿನಗಳಲ್ಲಿ ಹೋರಿ, ಆಡು, ಟಗರುಗಳ ಬೀಜ ಒಡೆಯಬಾರದು ಎಂದು ಆಜ್ಞೆಯಿದೆ. ಅಂದರೆ ಉಳಿದ ದಿನಗಳಲ್ಲಿ ಒಡೆಯುತ್ತಿದ್ದರು ಎಂದಾಯಿತು. ಒಂದು ಕಡೆ ಆಗಬಹುದು ಎಂದ ಚತುರ್ದಶಿ ಇನ್ನೊಂದು ಕಡೆ ಬೇಡ. ಆದ್ದರಿಂದ ವೈದ್ಯರು ಕೊಟ್ಟ ದಿನವೇ ನಿಮಗೆ ಮುಹೂರ್ತ. ರಾಹುಕಾಲದಲ್ಲಿ ಹೊರಡುವುದು ಅತ್ತೆಯವರಿಗೆ ಬೇಡವೆನಿಸಿದರೆ ಅರ್ಧ ಗಂಟೆ ಮೊದಲೇ ಹೊರಟುಬಿಡಿ, ಅವರ ಮನಸ್ಸಿಗೂ ನೆಮ್ಮದಿ. ಮನೆಯಲ್ಲಿ ಶ್ರಾದ್ಧವೋ ಹೋಮವೋ ಇರುವ ದಿನ ಮಾತ್ರ ಬೇಡ. ದೋಷವೆಂದಲ್ಲ, ಅವತ್ತು ಅದನ್ನು ನೋಡಿಕೊಳ್ಳುವವರು ಇರುವುದಿಲ್ಲ. ಹೊಲಿಗೆ ಮಾಯಲು ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ದಿನ ಬಿಟ್ಟು ಹೋಮ ಬರುವ ಹಾಗೆ ನೋಡಿಕೊಳ್ಳಿ. ಆಗದಿದ್ದರೆ ಹೊಗೆ, ಜನ ಬಾರದ ಕೋಣೆಯಲ್ಲಿ ಅದನ್ನು ಇಡಿ.

ಸೂತಕ ಇಲ್ಲ. ಜನನಾಶೌಚ ಸಪಿಂಡರಿಗೆ, ಅಂದರೆ ರಕ್ತಸಂಬಂಧದ ದಾಯಾದಿಗಳಿಗೆ. ಬೆಕ್ಕು ಮರಿ ಹಾಕಿದ್ದಕ್ಕೂ ಇಲ್ಲ, ಆಪರೇಷನ್ನಿಗೂ ಇಲ್ಲ. ದೇವರ ಮನೆಯ ಆ ಜಾಗವನ್ನು ತೊಳೆದು, ಗೋಮೂತ್ರವನ್ನೋ ಪುಣ್ಯಾಹದ ನೀರನ್ನೋ ಪ್ರೋಕ್ಷಿಸಿದರೆ ಸಾಕು. ದೀಪ ಎಂದಿನಂತೆ ಹಚ್ಚಿ. ಪರಾಶರರು ನೊಣ, ಕೀಟಗಳ ಸಾಲಿನಲ್ಲೇ ಬೆಕ್ಕನ್ನೂ ಹೇಳಿ, ಅದು ಮುಟ್ಟಿದ್ದರಿಂದ ಎಂಜಲಾಗುವುದಿಲ್ಲ ಎಂದಿದ್ದಾರೆ. ನಮ್ಮ ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ ಬೆಕ್ಕನ್ನೇ ಮಂಗಮ್ಮ ದೇವಿಯೆಂದು ಪೂಜಿಸುತ್ತಾರೆ. ಹಾಗಿರುವಾಗ ನಿಮ್ಮ ದೇವರ ಮನೆ ಮೈಲಿಗೆಯಾಯಿತೆಂದು ಕೊರಗಬೇಡಿ.

ಆ ದಿನ ಹೀಗೆ ಮಾಡಿ. ಬೆಳಿಗ್ಗೆ ಸ್ನಾನ ಮಾಡಿ ದೀಪ ಹಚ್ಚಿ, ಕನ್ನಡದಲ್ಲೇ ಸಂಕಲ್ಪ ಮಾಡಿಕೊಳ್ಳಿ: 'ಸ್ವಾಮಿ, ನಮ್ಮನ್ನು ನಂಬಿ ಬಂದ ಈ ಜೀವದ ಹಿತಕ್ಕಾಗಿ ಮಾಡಿಸುತ್ತಿದ್ದೇವೆ. ಆಗುವ ನೋವನ್ನು ಕ್ಷಮಿಸು. ಇದನ್ನು ಕೊನೆಯವರೆಗೂ ಕೈಬಿಡುವುದಿಲ್ಲ.' ಮೂರು ಸಲ ಹೇಳಿ ನಮಸ್ಕರಿಸಿ. ಹೊರಡುವ ಮುಂಚೆ ನೈವೇದ್ಯದ ಹಾಲು, ಪ್ರಸಾದ ಎಂದು ಬಾಯಿಗೆ ಏನನ್ನೂ ಕೊಡಬೇಡಿ. ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಎಷ್ಟು ಹೊತ್ತು ಮುಂಚೆ ಊಟ ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ. ಬಂದ ಮೇಲೆ ಗಾಯಕ್ಕೆ ಅರಿಶಿನ, ಭಸ್ಮ, ಕುಂಕುಮ ಹಚ್ಚಬೇಡಿ, ಸ್ನಾನ ಮಾಡಿಸಬೇಡಿ. ನೆಕ್ಕದ ಹಾಗೆ ಕುತ್ತಿಗೆಗೆ ಕಟ್ಟುವ ಪಟ್ಟಿಯನ್ನು ವೈದ್ಯರು ಹೇಳುವವರೆಗೂ ಬಿಚ್ಚಬೇಡಿ.

ಪ್ರಾಯಶ್ಚಿತ್ತವೆಂದು ಬೇರೇನೂ ಬೇಡ. ಶಾಂತಿಗೆ ಎತ್ತಿಟ್ಟ ಹಣ ಇದ್ದರೆ ಆ ಐದು ಮರಿಗಳ ಆಪರೇಷನ್ನಿಗೆ, ಚುಚ್ಚುಮದ್ದಿಗೆ ಬಳಸಿ. ಉಳಿದರೆ ನಿಮ್ಮ ಬೀದಿಯ ಒಂದು ಬೆಕ್ಕಿಗೆ ಮಾಡಿಸಿ. ಈ ದೇಶದ ಕಾನೂನೂ ಇದಕ್ಕೆ ವಿರುದ್ಧವಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಕ್ರಮಬದ್ಧವಾಗಿ ಬೀಜ ತೆಗೆಯುವುದನ್ನು ಅಪರಾಧ ಎನ್ನುವುದಿಲ್ಲ. ಹಸಿವು ಬಾಯಾರಿಕೆಯಿಂದ ನರಳುವ ಹಾಗೆ ಪ್ರಾಣಿಯನ್ನು ಬಿಟ್ಟು ಬರುವುದನ್ನು ಅಪರಾಧ ಎನ್ನುತ್ತದೆ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಲಸಿಕೆ, ಸಂತಾನಹರಣ ಚಿಕಿತ್ಸೆಗಳ ಹೊಣೆಯನ್ನು ಸಾಕಿದವರ ಮೇಲೇ ಇಟ್ಟಿವೆ.

ತಾಯೀ, ನಿಮ್ಮ ಮಗುವಿನ ವಿಷಯ ಭಗವಂತನ ಕೈಯಲ್ಲಿದೆ, ವೈದ್ಯರ ಕೈಯಲ್ಲಿದೆ. ಬೆಕ್ಕಿನ ಹೊಟ್ಟೆಯಲ್ಲಿ ಇಲ್ಲ. ಹೋಮದ ದಿನ ನೀವೂ ಅತ್ತೆಯವರೂ ಒಟ್ಟಿಗೆ ಕೂತು ಪೂರ್ಣಾಹುತಿ ಮಾಡಿ. ಗೋಪಾಲಕೃಷ್ಣನ ಅನುಗ್ರಹ ನಿಮಗಿರಲಿ.

ಪ್ರಶ್ನೆ: ನಮ್ಮದು ದತ್ತಾತ್ರೇಯರನ್ನು ಪೂಜಿಸುವ ಮನೆ. ಗಂಡು ನಾಯಿ ಸಾಕಿದ್ದೇವೆ. ಅದಕ್ಕೆ ಬೀಜ ತೆಗೆಸಿದರೆ ಅಂಗಹೀನವಾಗುತ್ತದೆ, ಗುರುವಾರದ ನೈವೇದ್ಯವನ್ನು ಅದಕ್ಕೆ ಹಾಕಬಾರದು ಎಂದು ನಮ್ಮ ಭಾವನವರು ಹೇಳುತ್ತಾರೆ. ನಿಜವೇ?
(ಓದುಗರು), ಮೈಸೂರು

ಉತ್ತರ: ಇಲ್ಲ. ಅಂಗಹೀನ ಆಗಿರಬಾರದು ಎಂಬ ನಿಯಮ ದಾನ ಕೊಡುವ ಗೋವಿನಂಥವುಗಳ ವಿಷಯದಲ್ಲಿ. ಉಣ್ಣುವ ಬಾಯಿಗೆ ಅಂಥ ನಿಯಮವಿಲ್ಲ. ನಿಮ್ಮ ಭಾವನವರಿಗೆ ಇದನ್ನು ಕೇಳಿ: ನಮ್ಮ ಹಿರಿಯರ ಹೊಲ ಉತ್ತದ್ದು ಬೀಜ ಒಡೆಸಿದ ಎತ್ತುಗಳು. ಆ ಎತ್ತಿಗೆ ಸಂಕ್ರಾಂತಿಯಲ್ಲಿ ಕೊಂಬಿಗೆ ಬಣ್ಣ ಹಚ್ಚಿ ಪೂಜೆ ಮಾಡಿದರು, ಕಾರಹುಣ್ಣಿಮೆಯಲ್ಲಿ ಮೆರೆಸಿದರು. ಆ ಎತ್ತು ಉತ್ತ ಗದ್ದೆಯ ಅಕ್ಕಿಯನ್ನೇ ದೇವರಿಗೆ ನೈವೇದ್ಯ ಮಾಡಿದರು. ಎತ್ತಿಗಿಲ್ಲದ ದೋಷ ನಾಯಿಗೆ ಎಲ್ಲಿಂದ ಬರುತ್ತದೆ? ಆಗ ಬೀಜ ಒಡೆಸುವಾಗ ಎತ್ತಿಗೆ ಅರಿವಳಿಕೆಯೂ ಇರಲಿಲ್ಲ. ಈಗ ನಿಮ್ಮ ನಾಯಿಗೆ ಅಷ್ಟಾದರೂ ಕರುಣೆ ಸಿಗುತ್ತದೆ. ದತ್ತಸ್ವಾಮಿಯ ಪಾದದ ಬಳಿ ನಾಲ್ಕು ನಾಯಿಗಳು ಇರುತ್ತವೆ, ನಾಲ್ಕು ವೇದಗಳೆಂದು ಹೇಳುತ್ತಾರೆ. ಗಾಯ ಮಾಯ್ದ ಮೇಲೆ ಬರುವ ಗುರುವಾರ ನಿಶ್ಚಿಂತೆಯಿಂದ ಅನ್ನ ಹಾಕಿ. ಉಪ್ಪು ಖಾರ ಇಲ್ಲದೆ ಹಾಕಿ.

ಶುಭವಾಗಲಿ.